ಫಕ್ಕೀರವ್ವ ಮಲಗಿಸಿದ ಮಾಸ್ತರರು

ಹಾವೇರಿಯ ಹೊರಗೆ, ರಾಣೆಬೆನ್ನೂರು ದಾರಿಯಲ್ಲಿರುವ ನಮ್ಮ ಆಯುರ್ವೇದ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಎಂ.ಡಿ. ಮಾಡಿದವರು ಮೂವರಿದ್ದೇವೆ. ಆದರೆ ಮೌಖಿಕ ಪರೀಕ್ಷೆಯ ಹಿಂದಿನ ದಿನ ವಿದ್ಯಾರ್ಥಿಗಳು ನಮ್ಮಲ್ಲಿ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಹಿಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತ ಫಕ್ಕೀರವ್ವನ ಸುತ್ತ ಸೇರುತ್ತಾರೆ. ಆಕೆ ಅಕ್ಷರ ಕಲಿತವಳಲ್ಲ, ಕಸ ಗುಡಿಸಲು ಬಂದವಳು. ಮಣಿಕಟ್ಟಿನ ಎಂಟೆಂಟು ಸಣ್ಣ ಎಲುಬುಗಳನ್ನು ಕಲಸಿ ಆಕೆಯ ಸೆರಗಿಗೆ ಹಾಕಿದರೆ, ಕಣ್ಣು ಮುಚ್ಚಿಕೊಂಡು, ಒಂದೊಂದನ್ನೇ ಬೆರಳಲ್ಲಿ ಹೊರಳಿಸಿ ಎಡಗೈಯದು ಯಾವುದು, ಬಲಗೈಯದು ಯಾವುದು ಎಂದು ಎರಡು ಗುಂಪು ಮಾಡಿಡುತ್ತಾಳೆ. ಅದಕ್ಕೆ ನನಗೆ ಇವತ್ತಿಗೂ ಪುಸ್ತಕ ಬೇಕು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮೊದಮೊದಲು ಹೊಟ್ಟೆಕಿಚ್ಚು ಮಾತ್ರ ಧಾರಾಳವಾಗಿತ್ತು.

ನನ್ನ ಹೆಸರು ಶೈಲಶ್ರೀ. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ವಿದ್ಯಾರ್ಥಿಗಳೂ ಹೇಳುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನ ಫಕ್ಕೀರವ್ವ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಮುಖವನ್ನಲ್ಲ, ಮುಖದ ಕೆಳಗಿನದನ್ನೆಲ್ಲ ನೋಡಿದಳು.

“ಮೇಡಮ್ಮಾರ, ಸಣ್ಣಾಕಿ ಇದ್ದಾಗ ನಿಮ್ಮ ಎಡಗಡೆ ಕೊರಳೆಲುಬು ಮುರದಿತ್ತೇನ್ರಿ?” ಎಂದು ಕೇಳಿದಳು.

ಮುರಿದಿತ್ತು. ಆರು ವರ್ಷದವಳಿದ್ದಾಗ ಅಜ್ಜನ ಮನೆಯ ಅಟ್ಟದಿಂದ ಬಿದ್ದಿದ್ದೆ. ಅದು ನನ್ನ ಗಂಡನಿಗೂ ಗೊತ್ತಿರಲಿಲ್ಲ. “ಯಾರ ಹೇಳಿದ್ರು ನಿನಗ?” ಎಂದು ಗದರಿದೆ. “ಹೆಗಲ ಚೀಲದ ಪಟ್ಟಿ ಅಲ್ಲೇ ನಿಂದರತೈತಲ್ರಿ, ಮುರದ ಕೂಡಿದ ಗಂಟಿನ ಮ್ಯಾಲ” ಎಂದು ಪೊರಕೆ ಎತ್ತಿಕೊಂಡು ಹೋದಳು. ಅಂದಿನಿಂದ ನಾನು ಆಕೆಯ ಮುಂದೆ ನಡೆಯುವಾಗಲೆಲ್ಲ ನನ್ನ ಚರ್ಮ ಗಾಜಿನದೇನೋ ಎಂದು ಹಿಂಸೆಯಾಗುತ್ತಿತ್ತು. ಈ ಹೆಂಗಸು ಬಸ್ಸಿನಲ್ಲಿ ಕುಳಿತರೆ ಜನರನ್ನು ನೋಡುತ್ತಾಳೋ, ಸಾಲಾಗಿ ಕೂತ ಅಸ್ಥಿಪಂಜರಗಳನ್ನು ನೋಡುತ್ತಾಳೋ ಎಂದು ಯೋಚಿಸಿದ್ದೇನೆ.

ಆಕೆ ಕುಪ್ಪೇಲೂರಿನವಳು. ಅಲ್ಲಿ ಇಪ್ಪತ್ತು ವರ್ಷ ಮನೆಮನೆಗೆ ಹೋಗಿ ಕೂಸುಗಳಿಗೆ ಎರೆಯುತ್ತಿದ್ದಳು. ಬಚ್ಚಲಲ್ಲಿ ಕಾಲು ಚಾಚಿ, ಕೂಸನ್ನು ಮುಂಗಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಕೈಕಾಲು ಎಳೆದು, ತಲೆ ದುಂಡಗೆ ಮಾಡಿ, ಮೂಗು ತಿದ್ದಿ, ಬಿಸಿನೀರು ಸುರಿಯುವ ಕೆಲಸ. ಹೆರಿಗೆಗಳೆಲ್ಲ ದವಾಖಾನೆಗೆ ಹೋದ ಮೇಲೆ, ಹಾಗೆಲ್ಲ ಎಳೆಯಬಾರದು ಎಂದು ಡಾಕ್ಟರರು ತಾಯಂದಿರಿಗೆ ಹೇಳಿ ಕಳಿಸತೊಡಗಿದರು. ಕರೆಯುವವರು ಕಡಿಮೆಯಾದರು, ಗಂಡನೂ ತೀರಿಕೊಂಡ. ಹದಿನಾಲ್ಕು ವರ್ಷದ ಹಿಂದೆ ನಮ್ಮಲ್ಲಿಗೆ ಬಂದಳು. ಹೆಣಗಳಿರುವ ಕೋಣೆಗೆ ಉಳಿದವರಾರೂ ಒಪ್ಪದ್ದರಿಂದ ಅದು ಈಕೆಯ ಪಾಲಿಗೆ ಬಂತು.

ಕೆಲಸದಲ್ಲಿ ಎತ್ತಿದ ಕೈ. ಆದರೆ ಒಂದು ಚಾಳಿಯಿತ್ತು. ಮಧ್ಯಾಹ್ನ, ತರಗತಿಗಳಿಲ್ಲದ ಹೊತ್ತಿನಲ್ಲಿ, ಹೆಣಗಳ ಮೇಲೆ ಒದ್ದೆಬಟ್ಟೆ ಹೊದಿಸುತ್ತ ಮಾತಾಡುತ್ತಿದ್ದಳು. ಮಾತಾಡಿದರೆ ಆಡಲಿ ಬಿಡಿ, ಎಷ್ಟೋ ಜನ ತಮ್ಮಷ್ಟಕ್ಕೆ ತಾವು ಮಾತಾಡುತ್ತಾರೆ. ಇವಳು ನಡುನಡುವೆ ಸುಮ್ಮನಾಗುತ್ತಿದ್ದಳು. ಒಮ್ಮೆ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. “ಹೌದೇನ್ರಿ?” ಎಂದಳು. ಮೌನ. “ಆಮ್ಯಾಲ?” ಎಂದಳು. ಮತ್ತೆ ಮೌನ, ಈ ಸಲ ಇನ್ನೂ ದೀರ್ಘ. “ಅಯ್ಯ ಪಾಪ” ಎಂದು ನಿಟ್ಟುಸಿರು ಬಿಟ್ಟಳು. ಹೆದರಿಕೆಯನ್ನು ಸಿಟ್ಟು ಮಾಡಿಕೊಂಡು ಬಾಗಿಲು ದೂಡಿದೆ.

“ಅವರೇನ ನಿನಗ ಉತ್ತರಾ ಕೊಡ್ತಾರೇನ?”

“ಕಿವಿಗಿಲ್ರಿ. ಕೈಗೆ ಹೇಳ್ತಾರ” ಎಂದಳು, ಬಟ್ಟೆ ಹಿಂಡುತ್ತ. “ಈ ಅಣ್ಣ ಬಲ ಹೆಗಲ ಮ್ಯಾಲ ಭಾಳ ಮೂಟಿ ಹೊತ್ತಾನ್ರಿ. ಆಮ್ಯಾಲ ಯಾವಾಗೋ ಬಿದ್ದಾನ. ಬಿದ್ದ ಮ್ಯಾಲ ಯಾರೂ ನೋಡಿಲ್ಲ.” ಎರಡು ವಾರದ ನಂತರ ಆ ದೇಹದ ಬೆನ್ನು ಬಿಡಿಸಿದಾಗ, ಸೊಂಟದ ಹತ್ತಿರ ಮುರಿದು ವಕ್ರವಾಗಿ ಕೂಡಿಕೊಂಡಿದ್ದ ಮಣಿಯೊಂದು ಸಿಕ್ಕಿತು.

ಈಗ ನಾನು ಹೇಳಹೊರಟಿರುವುದು ಈ ವರ್ಷದ ಮಾರ್ಚಿನ ಒಂದು ಸೋಮವಾರದ ವಿಷಯ. ಬ್ಯಾಡಗಿಯ ನಿವೃತ್ತ ವಿಜ್ಞಾನ ಶಿಕ್ಷಕ ಪ್ರಭುಲಿಂಗಪ್ಪನವರು ಹಿಂದಿನ ಸಂಜೆ ಆರಕ್ಕೆ ತೀರಿಕೊಂಡಿದ್ದರು. ದೇಹವನ್ನು ನಮ್ಮ ಕಾಲೇಜಿಗೆ ಕೊಡಬೇಕೆಂದು ಐದು ವರ್ಷದ ಹಿಂದೆಯೇ ಬರೆದುಕೊಟ್ಟಿದ್ದರು. ಬೆಳಿಗ್ಗೆ ಹತ್ತಕ್ಕೆ ತರುತ್ತೇವೆಂದು ಅವರ ಮಡದಿ ಸುಶೀಲವ್ವ ಫೋನು ಮಾಡಿದರು. ನಾನು ಗಾಲಿಮಂಚ ಸಿದ್ಧವಿಟ್ಟು ಕಾಯುತ್ತಿದ್ದೆ.

ಮಾಸ್ತರರು ಕುಳಿತೇ ಬಂದರು.

ಸಣ್ಣ ಟೆಂಪೋದ ಹಿಂಭಾಗದಲ್ಲಿ ಹಿಡಿಕೆಯಿರುವ ಒಂದು ಕಟ್ಟಿಗೆಯ ಕುರ್ಚಿ. ಅದರಲ್ಲಿ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಹಣೆತುಂಬ ವಿಭೂತಿ, ಕೊರಳತುಂಬ ಚೆಂಡು ಹೂವಿನ ಮಾಲೆ ಹಾಕಿಕೊಂಡು ಕುಳಿತಿದ್ದರು. ಎಡಗೈ ಎದೆಯ ಮುಂದೆ ಬಟ್ಟಲಿನಂತೆ ಮಡಚಿತ್ತು. ಅದರಲ್ಲಿ ಬಿಲ್ವಪತ್ರೆ. ನಾಲ್ವರು ಕುರ್ಚಿಯನ್ನು ಇಳಿಸಿ ಮೆಟ್ಟಿಲು ಹತ್ತಿಸಿದರು. ಮೊದಲ ವರ್ಷದ ಹುಡುಗಿಯರಿಬ್ಬರು ಯಾರೋ ದೊಡ್ಡವರು ಬಂದರೆಂದು ಎದ್ದುನಿಂತು ಕೈಮುಗಿದರು. ಹತ್ತಿರ ಬಂದಾಗ ಆ ಅರೆತೆರೆದ ಕಣ್ಣು ಕಂಡು ಒಬ್ಬಳು ಅಲ್ಲೇ ಕುಸಿದಳು.

ಲಿಂಗಾಯತರ ಮನೆಯಲ್ಲಿ ಹಾಗೆಯೇ. ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತಾರೆ, ರಾತ್ರಿಯಿಡೀ ಭಜನೆ ಮಾಡುತ್ತಾರೆ, ಕುಣಿಯಲ್ಲೂ ಕೂರಿಸಿಯೇ ಮಣ್ಣು ಮಾಡುತ್ತಾರೆ. ನಾನೂ ಅಂಥದೇ ಮನೆಯ ಮಗಳು, ನನಗೇನೂ ಹೊಸದಲ್ಲ. ಆದರೆ ಹದಿನಾರು ತಾಸು ಹಾಗೆ ಕೂತ ದೇಹ ಛೇದನದ ಮೇಜಿಗೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಫೋನಿನಲ್ಲಿ ನಾನಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಮೊದಲ ವರ್ಷದವರಿಗೆ ನಾನೇ ಮಾಡುವ ಪಾಠ ಇದು. ಸ್ನಾಯುವಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎರಡು ಬಗೆಯ ಎಳೆಗಳಿವೆ. ಒಂದು ಇನ್ನೊಂದಕ್ಕೆ ಕೊಕ್ಕೆ ಹಾಕಿ ಎಳೆದಾಗ ಕೈ ಮಡಚುತ್ತದೆ. ಆ ಕೊಕ್ಕೆ ಕಳಚಿಕೊಳ್ಳಬೇಕಾದರೆ ಹೊಸದಾಗಿ ಶಕ್ತಿ ಬೇಕು. ಹಿಡಿದದ್ದನ್ನು ಬಿಡಲು ಶಕ್ತಿ ಬೇಕೆಂದರೆ ಹುಡುಗರು ನಂಬುವುದಿಲ್ಲ. ಉಸಿರು ನಿಂತ ಮೇಲೆ ಆ ಶಕ್ತಿ ತಯಾರಾಗುವುದು ನಿಲ್ಲುತ್ತದೆ, ಹಾಕಿದ ಕೊಕ್ಕೆಗಳು ಹಾಗೇ ಉಳಿಯುತ್ತವೆ. ಮೊದಲು ಕಣ್ಣರೆಪ್ಪೆ ಮತ್ತು ದವಡೆ, ಆಮೇಲೆ ಕುತ್ತಿಗೆ, ತೋಳು, ಕೊನೆಗೆ ಕಾಲು. ಹನ್ನೆರಡು ತಾಸಿನಲ್ಲಿ ಇಡೀ ದೇಹ ಹಲಗೆಯಾಗುತ್ತದೆ. ಒಂದೂವರೆ ದಿನದ ಮೇಲೆ ಅದೇ ಕ್ರಮದಲ್ಲಿ ತಾನಾಗಿ ಸಡಿಲವಾಗುತ್ತದೆ, ಆದರೆ ಮಾರ್ಚ್ ಬಿಸಿಲಿನಲ್ಲಿ ಅಷ್ಟು ಹೊತ್ತು ದೇಹ ಕೆಡದೆ ಉಳಿಯುವುದಿಲ್ಲ. ಕೆಡದಂತೆ ಇಡುವ ದ್ರವವನ್ನು ತೊಡೆಸಂದಿನ ರಕ್ತನಾಳದಿಂದ ತುಂಬಬೇಕು. ಮಾಸ್ತರರ ತೊಡೆಸಂದು ಮಡಚಿದ ಕಾಲುಗಳ ನಡುವೆ ಬೀಗ ಹಾಕಿದಂತೆ ಮುಚ್ಚಿಹೋಗಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಪರೀಕ್ಷೆಯ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದರು. ಫೋನಿನಲ್ಲಿ, “ಬಲವಂತವಾಗಿ ನೆಟ್ಟಗೆ ಮಾಡಿ, ಆಗದಿದ್ದರೆ ವಾಪಸು ಕೊಡಿ” ಎಂದರು. ವಾಪಸು ಒಯ್ಯಲು ಒಬ್ಬರು ಸಿದ್ಧರಾಗಿಯೇ ಬಂದಿದ್ದರು. ಮಾಸ್ತರರ ತಮ್ಮ ಕೊಟ್ರಪ್ಪ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ. ಅವರೂ ಅವರ ಜೊತೆಗಿದ್ದವರೂ ಅಂಗಿಯಲ್ಲಿ ಹೊತ್ತು ತಂದಿದ್ದ ಘಾಟಿಗೆ ನಾವೆಲ್ಲ ಕೆಮ್ಮುತ್ತಿದ್ದೆವು.

“ನಿಮ್ಮ ಕೈಲೆ ಆಗಂಗಿಲ್ಲ ಅಂದ್ರ ಈಗ ಹೇಳ್ರಿ ಮೇಡಂ. ಹೊಲದಾಗ ಕುಣಿ ತೆಗಿಸಿ ಬಂದೇನಿ. ಎರಡ ಗಂಟೇದ ತನಕಾ ನೋಡ್ತೇನಿ, ಆಮ್ಯಾಲ ಅಣ್ಣನ್ನ ಹೊಳ್ಳಿ ಒಯ್ತೇನಿ” ಎಂದರು.

ಸುಶೀಲವ್ವ ಗೋಡೆಯ ಪಕ್ಕ ಬೆಂಚಿನ ಮೇಲೆ ಕುಳಿತಿದ್ದರು. ಅರವತ್ತೆಂಟು ವರ್ಷ, ಮಕ್ಕಳಿಲ್ಲ. ಮೈದುನನ ಮಾತಿಗೆ ತಲೆಯೆತ್ತಲಿಲ್ಲ. ನನ್ನನ್ನು ಕೈಸನ್ನೆ ಮಾಡಿ ಕರೆದರು. “ಇಪ್ಪತ್ತೆಂಟ ವರ್ಷ ಹುಡುಗ್ರಿಗೆ ಬೋರ್ಡಿನ ಮ್ಯಾಲ ಚಿತ್ರಾನ ತೋರಿಸೇನಿ, ಸತ್ತ ಮ್ಯಾಲರ ಖರೇದ ತೋರಸ್ತೇನಿ ಅಂತಿದ್ರು. ನಾ ಕಳಸ್ತೇನಿ ಅಂತ ಕೈಮ್ಯಾಲ ಕೈ ಹಾಕಿ ಮಾತ ಕೊಟ್ಟೇನ್ರಿ. ಮೈದುನ, ಮಂದಿ ಎಲ್ಲಾ ಬ್ಯಾಡ ಅಂದ್ರು. ಒಂದ ರಾತ್ರಿ ಪದ್ಧತಿ ಪ್ರಕಾರ ಕುಂದರಸೋಣು, ಮುಂಜಾನೆ ಕಳಸೋಣು ಅಂತ ನಾನ ಒಪ್ಪಿಗೊಂಡೆ. ಅದ ತಪ್ಪಾತೇನ್ರಿ?” ಎಂದರು. ನಾನು ಉತ್ತರಿಸುವ ಮೊದಲೇ ನನ್ನ ಕೈ ಹಿಡಿದುಕೊಂಡರು. “ಇಲ್ಲೇ ಇಟಗೋರಿ. ಆದ್ರ ಮುರೀಬ್ಯಾಡ್ರಿ.”

ಅವರನ್ನೆಲ್ಲ ಹೊರಗೆ ಕೂರಿಸಿ ಬಾಗಿಲು ಹಾಕಿದೆ. ನಮ್ಮ ಇನ್ನೊಬ್ಬ ಅಟೆಂಡರ್ ಬಾಬಾಜಾನ ಗಟ್ಟಿ ಆಳು. “ನೀ ಮೊಣಕಾಲ ಮ್ಯಾಲ ಭಾರ ಹಾಕು” ಎಂದು ಅವನಿಗೆ ಹೇಳಿದೆ. ಹಾಗೆ ಮಾಡಿದರೆ ಎಲುಬು ಮುರಿಯುವುದಿಲ್ಲ, ತೊಡೆಯ ಸ್ನಾಯುಗಳು ಹರಿಯುತ್ತವೆ. ಹರಿಯುವಾಗ ಸದ್ದಾಗುತ್ತದೆ, ಅದು ಬಾಗಿಲಾಚೆ ಕೇಳುತ್ತದೆ. ಗೊತ್ತಿದ್ದೂ ಹೇಳಿದೆ. ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಫಕ್ಕೀರವ್ವ ಬಾಬಾಜಾನನಿಗೂ ಕುರ್ಚಿಗೂ ನಡುವೆ ಬಂದು ನಿಂತಳು. “ಬ್ಯಾಡ್ರಿ ಮೇಡಮ್ಮಾರ. ಪಂಚಕರ್ಮದ ಕ್ವಾಣ್ಯಾಗಿಂದ ಬೆಚ್ಚಗಿನ ಎಣ್ಣಿ, ಎರಡ ಬಕೀಟ ಬಿಸಿನೀರ ತರಸ್ರಿ. ಎರೆದು ಬಿಡ್ತೇನಿ” ಎಂದಳು.

ನನಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಆದರೂ ತರಿಸಿದೆ.

ನೆಲಕ್ಕೆ ಚಾಪೆ ಹಾಸಿ ಮಾಸ್ತರರನ್ನು ಕುಳಿತ ಭಂಗಿಯಲ್ಲೇ ಇಳಿಸಿದೆವು. ಫಕ್ಕೀರವ್ವ ಅವರ ಹಿಂದೆ ಕೂತು, ಅವರ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡಳು. ದವಡೆಯಿಂದ ಶುರುಮಾಡಿದಳು. ಬೆಚ್ಚಗಿನ ಒದ್ದೆಬಟ್ಟೆ, ಆಮೇಲೆ ಎಣ್ಣೆ, ಆಮೇಲೆ ಹೆಬ್ಬೆರಳು. ದವಡೆ, ಕುತ್ತಿಗೆ, ಹೆಗಲು. ಬಿಗಿಯುವ ಕ್ರಮ ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕರೆಂಟು ಹೋಯಿತು, ಫ್ಯಾನು ನಿಂತಿತು. ಆ ಉರಿಮಧ್ಯಾಹ್ನದ ನಿಶ್ಶಬ್ದದಲ್ಲಿ ಎಣ್ಣೆಗೈ ಚರ್ಮದ ಮೇಲೆ ಜಾರುವ ಸದ್ದು, ಮತ್ತು ಕೂಸಿಗೆ ಹೇಳಿದಂತೆ ಆಕೆ ಪಿಸುಗುಟ್ಟುವುದು ಮಾತ್ರ ಕೇಳುತ್ತಿತ್ತು. “ಆತು, ನನ್ನಪ್ಪ, ಆತು. ಇನ್ನೊಂದಿಷ್ಟ.”

ಕುತ್ತಿಗೆ ಸಡಿಲವಾದಾಗ ಮಾಸ್ತರರ ತಲೆ ನಿಧಾನವಾಗಿ ಹಿಂದಕ್ಕೆ ವಾಲಿ ಫಕ್ಕೀರವ್ವನ ಹೆಗಲ ಮೇಲೆ ನಿಂತಿತು. ಕಣ್ಣು ಇನ್ನಷ್ಟು ತೆರೆದುಕೊಂಡವು. ಈಗ ಅವರು ನನ್ನನ್ನೇ ನೋಡುತ್ತಿದ್ದರು. ನಾನು ಸರಿದು ಕಿಟಕಿಯ ಬಳಿ ಹೋದೆ, ಅಲ್ಲಿಗೂ ನೋಡಿದಂತಾಯಿತು. ಎಡಗೈಯ ಬೆರಳುಗಳು ಕಿರುಬೆರಳಿನಿಂದ ಮೊದಲ್ಗೊಂಡು ಒಂದೊಂದಾಗಿ ಬಿಚ್ಚಿಕೊಂಡವು. ಬಿಲ್ವಪತ್ರೆ ಚಾಪೆಗೆ ಬಿತ್ತು. ಬಾಬಾಜಾನ ಗೋಡೆಯ ಕಡೆ ತಿರುಗಿ ಏನೋ ಪಠಿಸತೊಡಗಿದ.

ಬಲಗೈಗೆ ಬಂದಾಗ ಫಕ್ಕೀರವ್ವ ನಿಲ್ಲಿಸಿದಳು. “ಈ ಕೈ ನಿನ್ನಿ ಸತ್ತಿಲ್ರಿ. ಇದು ಮೊದಲ ಹೋಗೇತಿ. ಏಳೆಂಟ ತಿಂಗಳಾಗಿರಬೇಕು” ಎಂದಳು. ಕಾಗದ ತೆಗೆದು ನೋಡಿದೆ. ಎಂಟು ತಿಂಗಳ ಹಿಂದೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಭಾಗಕ್ಕೆ ಲಕ್ವ ಹೊಡೆದಿತ್ತು, ಮಾತೂ ನಿಂತುಹೋಗಿತ್ತು. ಆ ದಿನ ಆಕೆಯ ಹತ್ತಿರ ಕೂರಲು ನನಗೆ ನಿಜವಾಗಿಯೂ ಭಯವಾಯಿತು.

ಸೊಂಟ, ತೊಡೆ, ಮೊಣಕಾಲು. ಎಡಗಾಲು ಒಂದು ಗಂಟೆ ತಿಂದಿತು. ಬಲಗಾಲು ನೀಳವಾದಾಗ ಗಡಿಯಾರದಲ್ಲಿ ಒಂದೂ ಮುಕ್ಕಾಲು. ಒಂದೂ ಎಳೆ ಹರಿದಿರಲಿಲ್ಲ. ಮೂವರೂ ಸೇರಿ ಎತ್ತಿ ಮೇಜಿನ ಮೇಲೆ ಮಲಗಿಸಿದೆವು. ಬೆನ್ನಿನ ಬಾಗು ಇನ್ನೂ ಸ್ವಲ್ಪ ಉಳಿದಿತ್ತು. ಅದನ್ನು ಸಮ ಮಾಡಲು ಫಕ್ಕೀರವ್ವ ಎರಡೂ ಅಂಗೈಯನ್ನು ಪಕ್ಕೆಲುಬಿನ ಮೇಲಿಟ್ಟು ಮೈಭಾರ ಹಾಕಿದಳು.

ಮಾಸ್ತರರು ದನಿ ತೆಗೆದರು.

ನರಳಿಕೆಯಲ್ಲ, ಮಾತಲ್ಲ. ಮಲಗಿದವರು ಮಗ್ಗುಲು ಬದಲಿಸುವಾಗ ಗಂಟಲಿನಿಂದ ತೆಗೆಯುವಂಥ ದಪ್ಪನೆಯ, ಉದ್ದನೆಯ ಗಂಡುದನಿ. ಖಾಲಿ ಕೋಣೆಯಲ್ಲಿ ಅದು ಗೋಡೆಗೆ ಬಡಿದು ಮರಳಿತು. ಬಾಬಾಜಾನ ಓಡಿ ಬಾಗಿಲ ಚಿಲಕ ತೆಗೆದುಬಿಟ್ಟ. ನಾನು ಗೋಡೆಗೆ ಅಂಟಿಕೊಂಡಿದ್ದೆ. ಸತ್ತ ಮೇಲೂ ಶ್ವಾಸಕೋಶದಲ್ಲಿ ಗಾಳಿ ಉಳಿದಿರುತ್ತದೆ, ಒತ್ತಿದರೆ ಅದು ಧ್ವನಿತಂತುಗಳ ನಡುವಿನಿಂದ ಹೊರಬರುತ್ತದೆ, ಇಷ್ಟೇ. ಇಷ್ಟನ್ನು ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿರುವವಳೂ ನಾನೇ.

“ಜೀವ ಐತಿ! ಅಣ್ಣಗ ಜೀವ ಐತಿ!” ಕೊಟ್ರಪ್ಪ ಕೂಗುತ್ತ ಒಳನುಗ್ಗಿದರು. “ಜೀವಂತ ಮನಶ್ಯಾನ್ನ ಕೊಯ್ಯಾಕ ನಿಂತೀರೇನು?”

ನಾನು ಸ್ಟೆತಸ್ಕೋಪು ಇಟ್ಟೆ, ಕಣ್ಣಿಗೆ ಬೆಳಕು ಬಿಟ್ಟೆ, ಇಲ್ಲ ಎಂದೆ. ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ಸುಶೀಲವ್ವನನ್ನು ನೋಡುತ್ತಿದ್ದರು. ಅವರು ಮೇಜಿನ ಹತ್ತಿರ ಬಂದು, ಗಂಡನ ಮುಖದ ಮೇಲೆ ಬಾಗಿ ನಿಂತಿದ್ದರು. ಮುಖದಲ್ಲಿ ಭಯವಿರಲಿಲ್ಲ. ಸಂತೋಷವಿತ್ತು, ಅದನ್ನೇ ನನಗೆ ನೋಡಲಾಗಲಿಲ್ಲ.

“ಎಂಟ ತಿಂಗಳಾತ್ರಿ ಇವರ ದನಿ ಕೇಳಿ” ಎಂದರು. “ಇವರದ ದನಿ. ನನಗ ಗೊತ್ತಾಗೂದಿಲ್ಲೇನು? ಕೊಟ್ರಪ್ಪ, ಗಾಡಿ ತರಸು. ಮನೀಗೆ ಒಯ್ಯೋಣು.”

“ಅವ್ವಾ, ನೀವು ಮಾತು ಕೊಟ್ಟಿದ್ದಿರಿ...” ಎಂದು ನಾನು ತೊದಲಿದೆ.

“ಸತ್ತರ ಕೊಡ್ತೇನಿ ಅಂದಿದ್ದೆ” ಎಂದರು.

ಕುರ್ಚಿ ಹೊತ್ತು ತಂದಿದ್ದ ನಾಲ್ವರು ಮೇಜಿನ ಸುತ್ತ ಬಂದರು. ಮಾಸ್ತರರ ತೋಳಿಗೆ ಕೈ ಹಾಕಿದರು. ಒಂದು ಗಳಿಗೆ ಕಳೆದಿದ್ದರೆ ಎತ್ತಿಬಿಡುತ್ತಿದ್ದರು. ಫಕ್ಕೀರವ್ವ ಅವರನ್ನು ತಡೆಯಲಿಲ್ಲ. ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಸುಶೀಲವ್ವನ ಪಕ್ಕಕ್ಕೆ ಹೋದಳು.

“ಅವ್ವಾರ, ನಿಮ್ಮ ಎರಡೂ ಕೈ ಕೊಡ್ರಿ.”

ಕೊಟ್ಟರು. ಫಕ್ಕೀರವ್ವ ಆ ಅಂಗೈಗಳನ್ನು ಮಾಸ್ತರರ ಎದೆಗೂಡಿನ ಮೇಲೆ, ತನ್ನವು ಇದ್ದ ಜಾಗದಲ್ಲೇ ಇಟ್ಟಳು. “ಒತ್ತರಿ” ಎಂದಳು.

ಆಗ ನನಗೆ ಆಕೆಯ ಮೇಲೆ ಬಂದ ಸಿಟ್ಟು ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ಗಂಡನನ್ನು ಕಳಕೊಂಡ ಮುದುಕಿಗೆ ಹೀಗೆ ಹೇಳುವುದುಂಟೇ? ಮುಂದೆ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಸುಶೀಲವ್ವ ಒತ್ತಿಯಾಗಿತ್ತು.

ದನಿ ಬಂತು. ಅದೇ ದನಿ, ಸ್ವಲ್ಪ ಸಣ್ಣದಾಗಿ. ಕೈ ತೆಗೆದರು, ದನಿ ನಿಂತಿತು. ತೋಳು ಹಿಡಿದಿದ್ದವರು ಒಬ್ಬೊಬ್ಬರಾಗಿ ಕೈ ಬಿಟ್ಟು ಹಿಂದೆ ಸರಿದರು. ಸುಶೀಲವ್ವ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು, ಗಂಡನ ತುಟಿ ನೋಡಿದರು. ಅವರಿಗೆ ತಿಳಿಯಿತು. ತಿಳಿದದ್ದು ಮುಖದ ಮೇಲೆ ಕಂಡಿತು. ಇನ್ನು ಕೆಳಗೆ ಕೂತು ಅಳುತ್ತಾರೆ ಎಂದುಕೊಂಡು ನಾನು ಕುರ್ಚಿ ಎಳೆದೆ.

ಅವರು ಕೂರಲಿಲ್ಲ. ಮತ್ತೆ ಕೈಯಿಟ್ಟು ಒತ್ತಿದರು.

ಈ ಸಲ ದನಿ ಇನ್ನೂ ಸಣ್ಣದು, ಕೊನೆಯಲ್ಲಿ ಬರೀ ಗಾಳಿ. ಅವರು ಕಣ್ಣು ಮುಚ್ಚಿಕೊಂಡು, ಕಿವಿಯನ್ನು ಗಂಡನ ಬಾಯಿಯ ಹತ್ತಿರ ತಂದು, ಮತ್ತೊಮ್ಮೆ ಒತ್ತಿದರು. ಏನೂ ಬರಲಿಲ್ಲ. ಜಾಗ ಬದಲಿಸಿ ಒತ್ತಿದರು. ಏನೂ ಬರಲಿಲ್ಲ. ಕೋಣೆಯಲ್ಲಿದ್ದ ಅಷ್ಟೂ ಜನ ಉಸಿರು ಹಿಡಿದು ಕೇಳಿಸಿಕೊಳ್ಳುತ್ತಿದ್ದೆವು, ಇನ್ನೊಂದು ಸಲ ಬರಲಿ ಎಂದು ನಾನೂ ಬೇಡಿಕೊಂಡೆ. ಫಕ್ಕೀರವ್ವ ಪಕ್ಕದಲ್ಲೇ ನಿಂತಿದ್ದಳು. ಆರನೆಯ ಸಲವೋ ಏಳನೆಯ ಸಲವೋ ಒತ್ತಿದ ಮೇಲೆ ಸುಶೀಲವ್ವನ ಕೈ ತಾನಾಗಿ ಸಡಿಲವಾಯಿತು.

“ವೈನೀ” ಎಂದರು ಕೊಟ್ರಪ್ಪ. “ಗಾಡಿ ತರಸಲೇನು?”

“ಬ್ಯಾಡಪಾ” ಎಂದರು ಸುಶೀಲವ್ವ. ಎಣ್ಣೆಯಾಗಿದ್ದ ಎರಡೂ ಕೈಯನ್ನು ಎಲ್ಲೂ ಒರೆಸದೆ, ಎದೆಗೆ ಒತ್ತಿ ಹಿಡಿದುಕೊಂಡಿದ್ದರು. “ಇದ್ದಷ್ಟೂ ದನಿ ನಾನ ತಗೊಂಡೇನಿ. ನೀ ಹೋಗಿ ಕುಣಿ ಮುಚ್ಚಸು.”